ಸೊಂಡಿಲಿನ ಕೆಳಗೆ

ಪ್ರಬಂಧದ ಮೂರನೇ ಅಧ್ಯಾಯ ಬರೆಯಬೇಕಿದ್ದ ರಾತ್ರಿಗಳಲ್ಲಿ ನಾನು ಸುಂಟರಗಾಳಿಗಳನ್ನು ನೋಡುತ್ತಿದ್ದೆ. ಹಾಸ್ಟೆಲಿನ ಕೋಣೆಯಲ್ಲಿ ದೀಪ ಆರಿಸಿ, ಇಯರ್‌ಫೋನ್ ಹಾಕಿಕೊಂಡು, ಒಂದಾದ ಮೇಲೊಂದು ವಿಡಿಯೊ. ಒಕ್ಲಹೋಮ, ಕಾನ್ಸಾಸ್, ನೆಬ್ರಾಸ್ಕಾಗಳ ಕಣ್ಣು ಹರಿಯುವಷ್ಟು ದೂರದ ಬಯಲು. ಮೇಲೆ ನೀಲಿಗಪ್ಪು ಮೋಡ. ಅದರ ತಳದಿಂದ ಬೆಳ್ಳನೆಯ ಸೊಂಡಿಲೊಂದು ಅವಸರವಿಲ್ಲದೆ ಇಳಿದು ನೆಲ ಮುಟ್ಟುತ್ತದೆ. ಒಂದು ರಾತ್ರಿ ಅಂಥದ್ದೊಂದನ್ನು ಅವ್ವನಿಗೆ ವಾಟ್ಸಾಪ್ ಮಾಡಿದೆ. ಬೆಳಿಗ್ಗೆ ಅವಳ ಫೋನ್ ಬಂತು.

“ನೋಡಿದೆ. ಚೆನ್ನಾಗೇನೋ ಐತೆ. ಅದರ ಕೆಳಗೆ ಮನೆಮಠ ಏನೂ ಇಲ್ವಾ?”

ನನಗೆ ಉತ್ತರ ಹೊಳೆಯಲಿಲ್ಲ. ಹತ್ತಾರು ಸಲ ನೋಡಿದ್ದ ವಿಡಿಯೊ ಅದು. ನನ್ನ ಕಣ್ಣು ಒಮ್ಮೆಯೂ ಅದರ ಬುಡಕ್ಕೆ ಹೋಗಿರಲಿಲ್ಲ.

ಆ ಚೆಲುವು ಸುಳ್ಳಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಮೆಕ್ಸಿಕೋ ಕೊಲ್ಲಿಯ ಬೆಚ್ಚನೆಯ ತೇವದ ಗಾಳಿ ನೆಲಕ್ಕೆ ಹತ್ತಿಕೊಂಡು ಉತ್ತರಕ್ಕೆ ಬರುತ್ತದೆ. ಅದರ ಮೇಲೆ ಪಶ್ಚಿಮದ ಒಣಗಾಳಿ, ಇನ್ನೂ ಮೇಲೆ ತಣ್ಣನೆಯ ಗಾಳಿ. ಎತ್ತರ ಏರಿದಂತೆ ಗಾಳಿಯ ವೇಗವೂ ದಿಕ್ಕೂ ಬದಲಾಗುವುದರಿಂದ ನಡುವಿನ ಗಾಳಿ ಮಣೆಯ ಮೇಲಿನ ಲಟ್ಟಣಿಗೆಯಂತೆ ಅಡ್ಡಡ್ಡ ಉರುಳುತ್ತದೆ. ಕೆಳಗಿನಿಂದ ಏರುವ ಬಿಸಿಗಾಳಿ ಆ ಲಟ್ಟಣಿಗೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಾಗ ಇಡೀ ಮೋಡವೇ ತಿರುಗತೊಡಗುತ್ತದೆ. ಸೂಪರ್‌ಸೆಲ್ ಎಂದು ಕರೆಯುವ ಇಂಥ ಬಹುಪಾಲು ಮೋಡಗಳು ಸುಂಟರಗಾಳಿಯನ್ನು ಹೆರದೆಯೇ ಕರಗುತ್ತವೆ. ಕೆಲವು ಮಾತ್ರ ನೆಲ ಮುಟ್ಟುತ್ತವೆ. ಗಾಳಿ ಕಣ್ಣಿಗೆ ಕಾಣುವುದಿಲ್ಲವಲ್ಲ, ನಾವು ನೋಡುವ ಸೊಂಡಿಲು ಒತ್ತಡ ಕುಸಿದು ಹನಿಗಟ್ಟಿದ ತೇವ, ಜೊತೆಗೆ ನೆಲದಿಂದ ಎದ್ದ ಮಣ್ಣು. ಒಕ್ಲಹೋಮದ ಕೆಮ್ಮಣ್ಣಿನ ಮೇಲೆ ಹಾದರೆ ಅದು ಕೆಂಪಾಗುತ್ತದೆ. ಸುಂಟರಗಾಳಿ ತೊಡುವ ಬಣ್ಣ ಅದು ಎತ್ತಿಕೊಂಡದ್ದರ ಬಣ್ಣ.

ಇಂಥ ಭಯ ಹೇಗೆ ಸುಖವಾಗುತ್ತದೆ ಎಂಬುದಕ್ಕೆ ನನ್ನ ಬಳಿ ಸಿದ್ಧ ಉತ್ತರಗಳಿದ್ದವು. ಬರೆಯಬೇಕಿದ್ದ ಅಧ್ಯಾಯ ಭಯಾನಕ ರಸದ ಬಗ್ಗೆಯೇ. ಕಾಂಟ್ 1790ರ ತನ್ನ ಗ್ರಂಥದಲ್ಲಿ ಗುಡುಗುಮೋಡ, ಜ್ವಾಲಾಮುಖಿ, ಚಂಡಮಾರುತಗಳನ್ನು ಭವ್ಯತೆಯ ಉದಾಹರಣೆಗಳಾಗಿ ಕೊಡುತ್ತಾನೆ. ಒಂದು ಷರತ್ತನ್ನೂ ಹಾಕುತ್ತಾನೆ: ನೋಡುವವನು ಸುರಕ್ಷಿತ ಜಾಗದಲ್ಲಿರಬೇಕು. ನಮ್ಮ ಅಭಿನವಗುಪ್ತ ಬೇರೆ ದಾರಿ ಹಿಡಿಯುತ್ತಾನೆ. ದುಷ್ಯಂತನ ಬಾಣಕ್ಕೆ ಬೆದರಿ ಕುತ್ತಿಗೆ ತಿರುಗಿಸಿ ತಿರುಗಿಸಿ ನೋಡುತ್ತ ಓಡುವ ಶಾಕುಂತಲದ ಜಿಂಕೆಯೇ ಅವನ ಉದಾಹರಣೆ. ಆ ಭಯ ನನ್ನದೂ ಅಲ್ಲ, ನನ್ನ ಶತ್ರುವಿನದೂ ಅಲ್ಲ, ಪಕ್ಕದವನದೂ ಅಲ್ಲ. ಹಾಗೆ ಯಾರದೂ ಅಲ್ಲದ್ದಾಗಿ, ಎಲ್ಲರದೂ ಆಗಿ ನಿಂತಾಗ ಅದು ರಸ.

ಓದುವಾಗ ಎರಡೂ ಸರಿಯೆನಿಸಿದ್ದವು. ಅವ್ವನ ಪ್ರಶ್ನೆಯ ನಂತರ ಒಂದು ವಿಷಯ ಕಣ್ಣಿಗೆ ಬಿತ್ತು. ನಾಟಕದ ಜಿಂಕೆ ಸಾಯುವುದಿಲ್ಲ. ರಂಗದ ಮೇಲೆ ಯಾರೂ ಸಾಯುವುದಿಲ್ಲ ಎಂಬ ಭರವಸೆಯ ಮೇಲೆಯೇ ಸಹೃದಯನಿಗೆ ಭಯವನ್ನು ಸವಿಯುವ ಅನುಮತಿ ಸಿಕ್ಕಿರುವುದು. ನಾನು ಆ ಅನುಮತಿಯನ್ನು ನಾಟಕಶಾಲೆಯಿಂದ ಹೊರಗೆ ತಂದು, ನಿಜವಾದ ಬಯಲಿನ ಮೇಲೆ, ನಿಜವಾದ ಮನೆಗಳ ಮೇಲೆ ಚಲಾಯಿಸುತ್ತಿದ್ದೆ.

ಆ ವಾರ ನೋಡಿದ ಇನ್ನೊಂದು ವಿಡಿಯೊದಲ್ಲಿ ಸುಂಟರಗಾಳಿ ಕಾಣುವುದೇ ಇಲ್ಲ. 2011ರ ಮೇ 22ರ ಸಂಜೆ ಮಿಸ್ಸೌರಿಯ ಜಾಪ್ಲಿನ್ ನಗರದ ಮೇಲೆ ಹಾದ ಸುಂಟರಗಾಳಿ ಸುಮಾರು 160 ಜನರನ್ನು ಕೊಂದಿತು. ಮಳೆಯ ಪರದೆಯೊಳಗೆ ಮುಚ್ಚಿಹೋಗಿದ್ದ ಅದಕ್ಕೆ ಚಿತ್ರದಂಥ ಸೊಂಡಿಲಿರಲಿಲ್ಲ. ಎಚ್ಚರಿಕೆಯ ಸೈರನ್ ಮೊದಲೇ ಮೊಳಗಿತ್ತು. ಆದರೂ ಬಹಳ ಜನ ತಕ್ಷಣ ಅಡಗಲಿಲ್ಲ, ಖಾತ್ರಿ ಮಾಡಿಕೊಳ್ಳಲು ಕಾದರು, ಕೆಲವರು ಆಕಾಶ ನೋಡಲು ಹೊರಬಂದರು ಎಂದು ನಂತರದ ಅಧ್ಯಯನಗಳು ಹೇಳುತ್ತವೆ. ಆ ಹೊತ್ತಿನಲ್ಲಿ ಒಂದು ಅಂಗಡಿಗೆ ನುಗ್ಗಿದವರು ತಂಪುಪಾನೀಯಗಳನ್ನಿಡುವ ಶೀತಕೋಣೆಯೊಳಗೆ ಒಬ್ಬರ ಮೇಲೊಬ್ಬರು ಮುದುಡಿಕೊಂಡರು. ಯಾರದೋ ಫೋನ್ ರೆಕಾರ್ಡ್ ಆಗುತ್ತಿತ್ತು. ಪರದೆಯ ಮೇಲೆ ಬರೀ ಕತ್ತಲೆ. ಗಾಜು ಒಡೆಯುವ ಸದ್ದು, ಮಗುವಿನ ಅಳು, ದೇವರನ್ನು ಕೂಗುವ ದನಿಗಳು. ಒಬ್ಬರಿಗೊಬ್ಬರು ಪರಿಚಯವಿಲ್ಲದವರು ಆ ಕತ್ತಲಲ್ಲಿ ಪ್ರೀತಿಯ ಮಾತು ಹೇಳಿಕೊಳ್ಳುತ್ತಾರೆ. ಅವರೆಲ್ಲ ಬದುಕಿದರು.

ಒಂದು ವಿಡಿಯೊದಲ್ಲಿ ಸುಂಟರಗಾಳಿಯಿತ್ತು, ಮನುಷ್ಯರಿರಲಿಲ್ಲ. ಇನ್ನೊಂದರಲ್ಲಿ ಮನುಷ್ಯರಿದ್ದರು, ಸುಂಟರಗಾಳಿ ಕಾಣಲಿಲ್ಲ. ಒಳಗಿರುವವರಿಗೆ ಅದು ಚೆಂದವೂ ಅಲ್ಲ, ಭವ್ಯವೂ ಅಲ್ಲ. ಕಾಂಟನ ಸುರಕ್ಷಿತ ಜಾಗ ಯಾರಿಗೆ ಸಿಗುತ್ತದೆ ಎಂಬುದು ಸೌಂದರ್ಯಮೀಮಾಂಸೆಗಷ್ಟೇ ಸೇರಿದ ಪ್ರಶ್ನೆಯಲ್ಲ. ದಾಖಲಾದವುಗಳಲ್ಲೇ ಅತಿ ಹೆಚ್ಚು ಜೀವ ತೆಗೆದ ಸುಂಟರಗಾಳಿ ಎಂದು ಲೆಕ್ಕ ಹಾಕುವುದು 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ದೌಲತ್‌ಪುರ, ಸಾಟುರಿಯಾಗಳ ಮೇಲೆ ಎರಗಿದ್ದನ್ನು. ಸತ್ತವರು ಸುಮಾರು 1,300. ನಾನು ನೋಡಿದ ನೂರಾರು ವಿಡಿಯೊಗಳಲ್ಲಿ ಅದು ಒಮ್ಮೆಯೂ ಬಂದಿಲ್ಲ.

ನಮ್ಮ ಪುರಾಣದಲ್ಲೂ ಒಬ್ಬ ಸುಂಟರಗಾಳಿ ಇದ್ದಾನೆ, ತೃಣಾವರ್ತ. ಭಾಗವತದಲ್ಲಿ ಅವನು ಮಗು ಕೃಷ್ಣನನ್ನು ಆಕಾಶಕ್ಕೆ ಹೊತ್ತೊಯ್ಯುತ್ತಾನೆ. ಗಾಳಿಯ ರೂಪವರ್ಣನೆಗಾಗಿ ಆ ಭಾಗವನ್ನು ತೆರೆದೆ. ಸಿಕ್ಕಿದ್ದು ಬೇರೆ. ಗೋಕುಲಕ್ಕೆ ಧೂಳು ಕವಿದು ಯಾರಿಗೂ ತಾನೂ ಕಾಣುವುದಿಲ್ಲ, ಇನ್ನೊಬ್ಬರೂ ಕಾಣುವುದಿಲ್ಲ. ಯಶೋದೆ ಮಗುವನ್ನು ಕೂರಿಸಿದ್ದ ಜಾಗದಲ್ಲಿ ಅದು ಇಲ್ಲ. ಕರು ಕಳೆದುಕೊಂಡ ಹಸುವಿನಂತೆ ಅವಳು ನೆಲಕ್ಕೆ ಬಿದ್ದು ಅಳುತ್ತಾಳೆ. ಕಥೆ ಹೇಳುವವನು ನಿಂತಿರುವುದು ದೂರದ ದಿಬ್ಬದ ಮೇಲಲ್ಲ, ಯಶೋದೆಯ ಪಕ್ಕದಲ್ಲಿ.

ಹಾಗಾದರೆ ನೋಡುವುದೇ ತಪ್ಪೇ? ಇದಕ್ಕೆ ಟೆಟ್ಸುಯಾ ಫುಜಿಟಾ ಅವರ ಬದುಕಿನಲ್ಲಿ ಒಂದು ಉತ್ತರ ಇದೆ ಎನಿಸುತ್ತದೆ. 1945ರ ಆಗಸ್ಟ್ 9ರಂದು ಎರಡನೇ ಅಣುಬಾಂಬಿಗೆ ಗೊತ್ತುಮಾಡಿದ್ದ ಊರು ಜಪಾನಿನ ಕೊಕುರಾ. ಅದರ ಹತ್ತಿರದ ಕಾಲೇಜಿನಲ್ಲಿ 24 ವರ್ಷದ ಫುಜಿಟಾ ಪಾಠ ಮಾಡುತ್ತಿದ್ದರು. ಮೋಡವೂ ಹೊಗೆಯೂ ಕವಿದು ಗುರಿ ಕಾಣದೆ ವಿಮಾನ ನಾಗಾಸಾಕಿಗೆ ತಿರುಗಿತು. ಕೆಲವು ವಾರಗಳ ನಂತರ ಅವರು ಅದೇ ನಾಗಾಸಾಕಿಯ ಅವಶೇಷಗಳ ನಡುವೆ ನಡೆದು, ಸುಟ್ಟ ಗುರುತುಗಳನ್ನು ಅಳೆದು, ಬಾಂಬು ಯಾವ ಎತ್ತರದಲ್ಲಿ ಸಿಡಿದಿರಬೇಕೆಂದು ಲೆಕ್ಕ ಹಾಕಿದರು. ಮುಂದೆ ಅಮೆರಿಕಕ್ಕೆ ಹೋಗಿ ಸುಂಟರಗಾಳಿಗಳಿಗೂ ಹಾಗೆಯೇ ಮಾಡಿದರು. ಕಿತ್ತುಹೋದ ಚಾವಣಿ, ಮುರಿದ ಮರ, ಹೊಲದ ಮೇಲಿನ ಸುಳಿಗೆರೆ ಇವುಗಳಿಂದ ಗಾಳಿಯನ್ನು ಓದಿದರು. 1971ರಲ್ಲಿ ಅವರು ರೂಪಿಸಿದ ಫುಜಿಟಾ ಮಾಪಕ ಇಂದಿಗೂ ಪರಿಷ್ಕೃತ ರೂಪದಲ್ಲಿ ಬಳಕೆಯಲ್ಲಿದೆ. ಆ ಮಾಪಕ ರೂಪಿಸಿದಾಗ ಅವರು ಒಂದೇ ಒಂದು ಸುಂಟರಗಾಳಿಯನ್ನೂ ಕಣ್ಣಾರೆ ಕಂಡಿರಲಿಲ್ಲ. ಕಂಡದ್ದು 1982ರಲ್ಲಿ.

ಈ ಮಾಪಕದಲ್ಲಿ ಒಂದು ವಿಚಿತ್ರವಿದೆ. ಅದು ಗಾಳಿಯನ್ನು ನೇರವಾಗಿ ಅಳೆಯುವುದಿಲ್ಲ, ಆದ ಹಾನಿಯಿಂದ ಅಂದಾಜು ಮಾಡುತ್ತದೆ. 2013ರಲ್ಲಿ ಒಕ್ಲಹೋಮದ ಎಲ್ ರೆನೊ ಬಳಿ ಎದ್ದ ಸುಂಟರಗಾಳಿ 4 ಕಿಲೋಮೀಟರಿಗಿಂತ ಅಗಲವಿತ್ತು. ರೇಡಾರ್ ಅದರೊಳಗೆ ಅತ್ಯುನ್ನತ ದರ್ಜೆಯ ವೇಗವನ್ನು ಗುರುತಿಸಿತ್ತು. ಆದರೆ ಅದು ಹಾದದ್ದು ಹೆಚ್ಚಾಗಿ ಬಯಲಿನಲ್ಲಿ, ಹಾಗಾಗಿ ಸಿಕ್ಕಿದ್ದು ಮೂರನೇ ದರ್ಜೆ. ಮೊದಲು ಇದು ವಿಜ್ಞಾನದ ಕೊರತೆ ಎನಿಸಿತ್ತು. ಈಗ ಅದರಲ್ಲೊಂದು ನ್ಯಾಯ ಕಾಣುತ್ತದೆ. ಎಷ್ಟು ದೊಡ್ಡದು ಎಂದು ಆಕಾಶವನ್ನು ಕೇಳದೆ, ಏನು ಕಳೆದುಕೊಂಡಿರಿ ಎಂದು ನೆಲವನ್ನು ಕೇಳುವ ಮಾಪಕ ಅದು. ಅದೇ ಎಲ್ ರೆನೊದಲ್ಲಿ, ಸುಂಟರಗಾಳಿಯ ದಾರಿಯಲ್ಲಿ ಉಪಕರಣಗಳನ್ನಿಟ್ಟು ಮಾಹಿತಿ ತರುತ್ತಿದ್ದ ಟಿಮ್ ಸಮರಾಸ್ ತಮ್ಮ ಮಗ ಮತ್ತು ಸಹೋದ್ಯೋಗಿಯ ಜೊತೆ ತೀರಿಕೊಂಡರು. ಎಚ್ಚರಕ್ಕೆ ಹೆಸರಾಗಿದ್ದ ಮನುಷ್ಯ. ಹತ್ತಿರ ಹೋಗಿ ನೋಡುವುದಕ್ಕೂ ಬೆಲೆಯಿದೆ. ದೂರದಿಂದ ನೋಡುವ ನಾವು ಮಾತ್ರ ಏನನ್ನೂ ತೆರುವುದಿಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಮೇ ತಿಂಗಳ ಸಂಜೆ ನಮ್ಮೂರಿನ ಆಕಾಶ ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಅದು ಸುಂಟರಗಾಳಿಯಲ್ಲ, ಮುಂಗಾರಿಗೆ ಮುಂಚೆ ಬರುವ ಬಿರುಗಾಳಿ, ಆಲಿಕಲ್ಲು. ಜಗುಲಿಯ ಮೇಲೆ ನಿಂತು, ಇಂಥ ಚೆಲುವನ್ನು ಎಂದೂ ನೋಡಿಲ್ಲ ಎಂದುಕೊಂಡೆ. ಅಪ್ಪ ಪಕ್ಕದಲ್ಲೇ ನಿಂತಿದ್ದ, ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ತೋಟದಲ್ಲಿ ಗೊನೆಬಿಟ್ಟ ಬಾಳೆಗಳೆಲ್ಲ ಒಂದೇ ದಿಕ್ಕಿಗೆ ತಲೆ ಹಾಕಿ ಮಲಗಿದ್ದವು. ಅಪ್ಪ ಸಾಲು ಸಾಲಾಗಿ ಎಣಿಸುತ್ತಾ ನಡೆದ. ಹಿಂದಿನ ಸಂಜೆ ನನಗಾದ ಸಂತೋಷವನ್ನು ಯಾರಿಗೂ ಹೇಳಿರಲಿಲ್ಲ.

ಆ ಸಂತೋಷ ತಪ್ಪೆಂದು ಈಗಲೂ ಅನಿಸುವುದಿಲ್ಲ. ಆಕಾಶ ಚೆಂದವಿತ್ತು, ನಿಜ. ಆದರೆ ಅದು ನನಗೆ ಚೆಂದ ಕಂಡದ್ದು ತೋಟದ ಲೆಕ್ಕ ನನ್ನ ತಲೆಯ ಮೇಲಿಲ್ಲದ್ದರಿಂದ. ಆ ದೂರವನ್ನು ನಾನು ಗಳಿಸಿದ್ದಲ್ಲ, ಅದು ಸಾಲ. ತೀರಿಸುವುದಕ್ಕೆ ಕಣ್ಣು ಮುಚ್ಚಬೇಕಿಲ್ಲ. ಮೇಲೆ ನೋಡಿದ ಕಣ್ಣು ಕೆಳಗೂ ನೋಡಬೇಕು, ಬೆಳಗಾದ ಮೇಲೆ ಸಾಲುಗಳ ನಡುವೆ ನಡೆಯುವವರ ಜೊತೆ ಒಂದಿಷ್ಟು ನಡೆಯಬೇಕು.

ಅವ್ವನಿಗೆ ಕಳಿಸಿದ್ದ ವಿಡಿಯೊವನ್ನು ಮತ್ತೆ ಹಾಕಿದೆ. ಈ ಸಲ ಸೊಂಡಿಲನ್ನು ಬಿಟ್ಟು ಪರದೆಯ ಕೆಳಗಿನ ಅಂಚನ್ನು ನೋಡಿದೆ. ಬೇಲಿ, ವಿದ್ಯುತ್ ಕಂಬಗಳು, ಒಂದು ಮಣ್ಣುದಾರಿ. ದಾರಿಯ ಕೊನೆಗೆ ನಾಲ್ಕು ಮರ, ಮರಗಳ ನಡುವೆ ಬಿಳಿಯ ಚಾವಣಿ. ಅವ್ವನಿಗೆ ಫೋನ್ ಮಾಡಿದೆ.

“ಒಂದು ಮನೆ ಐತೆ ಕಣವ್ವಾ.”

“ಅವರು ಉಳ್ಕೊಂಡ್ರಾ?”

“ಗೊತ್ತಿಲ್ಲ. ಅಷ್ಟರಲ್ಲಿ ವಿಡಿಯೊ ಮುಗೀತದೆ.”