ಮೊದಲು ಯಾವುದು – ದೋಣಿಯೋ, ಮನೆಯೋ?



ಮಳೆಗಾಲ ಹತ್ತಿರವಾಗುತ್ತಿದ್ದಂತೆ ನಮ್ಮ ಕುಟುಂಬಗಳಲ್ಲಿ ಒಂದು ಲೆಕ್ಕಾಚಾರ ಆರಂಭವಾಗುತ್ತದೆ. ಕೈಯಲ್ಲಿರುವ ಹಣ ಅಷ್ಟೇ, ದಿನಗಳೂ ಅಷ್ಟೇ. ಆದರೆ ಕೆಲಸಗಳು ಎರಡು ಕಡೆಯಿಂದ ಕರೆಯುತ್ತವೆ. ಒಂದು ಕಡೆ ಅನ್ನ ಕೊಡುವ ದುಡಿಮೆಯ ಸಾಧನ, ಇನ್ನೊಂದು ಕಡೆ ನೆರಳು ಕೊಡುವ ಮನೆ. ಎರಡೂ ರಿಪೇರಿ ಕೇಳುತ್ತವೆ. ಮೊದಲು ಯಾವುದು?

ಇದು ಬರೇ ಹಣದ ಪ್ರಶ್ನೆ ಎಂದು ನಾವು ತಿಳಿದುಕೊಂಡಿದ್ದೇವೆ. ನಿಜವಾಗಿ ಇದು ಮನಸ್ಸಾಕ್ಷಿಯ ಪ್ರಶ್ನೆ.

ಈ ಪ್ರಶ್ನೆ ಅತ್ಯಂತ ಸ್ಪಷ್ಟವಾಗಿ ಕಾಣಿಸುವುದು ಸಮುದ್ರ ತೀರದಲ್ಲಿ. ನಮ್ಮ ರಾಜ್ಯದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ ನಿಷೇಧವಿದೆ. ಅದು ಮೀನು ಮರಿಮಾಡುವ ಕಾಲ, ಕಡಲು ಪ್ರಕ್ಷುಬ್ಧವಾಗುವ ಕಾಲವೂ ಹೌದು. ಮಂಗಳೂರಿನ ದಕ್ಕೆಯಲ್ಲಿ, ಮಲ್ಪೆಯಲ್ಲಿ, ಗಂಗೊಳ್ಳಿಯಲ್ಲಿ ಬೋಟುಗಳು ಸಾಲಾಗಿ ನಿಲ್ಲುತ್ತವೆ. ಹುಳ ತಿಂದ ಹಲಗೆ ಬದಲಾಯಿಸಬೇಕು, ಹಲಗೆಗಳ ಸಂದಿಗೆ ಹತ್ತಿ ತುಂಬಿಸಿ ನೀರು ಒಸರದಂತೆ ಮಾಡಬೇಕು, ಇಂಜಿನ್ ಬಿಚ್ಚಬೇಕು, ಬಲೆ ಹೆಣೆಯಬೇಕು. ಮನೆಯ ಯಜಮಾನ ಮನೆಯಲ್ಲೇ ಇರುವುದೂ ಇದೇ ಎರಡು ತಿಂಗಳು. ಆದುದರಿಂದ ವರ್ಷವಿಡೀ ಮುಂದೂಡಿದ ಮನೆಗೆಲಸವೆಲ್ಲ ಆಗಲೇ ಎದುರು ಬಂದು ನಿಲ್ಲುತ್ತದೆ. ಗಳಿಕೆ ನಿಂತಿರುವಾಗಲೇ ಖರ್ಚು ಎರಡು ಪಟ್ಟು. ಆಗಸ್ಟ್ 1 ಮಾತ್ರ ಯಾರಿಗೂ ಕಾಯುವುದಿಲ್ಲ.

"ಕಕ್ಕಿಂಜೆಯ ನಮಗೆಲ್ಲಿಯ ದೋಣಿ?" ಎಂದು ನೀವು ಕೇಳಬಹುದು. ಚಾರ್ಮಾಡಿ ಘಾಟಿಯ ಬುಡದಲ್ಲಿರುವ ನಮಗೂ ಕಡಲಿಗೂ ಇರುವ ನಂಟು ನೀರಿನದು ಮಾತ್ರ. ನಮ್ಮ ಮಾಡಿನಿಂದ ಇಳಿದ ಮಳೆ ಮೃತ್ಯುಂಜಯಕ್ಕೆ ಸೇರಿ, ಅಲ್ಲಿಂದ ನೇತ್ರಾವತಿಗೆ ಸೇರಿ, ಮಂಗಳೂರಿನಲ್ಲಿ ಸಮುದ್ರ ಸೇರುತ್ತದೆ. ಆದರೆ ಸ್ವಲ್ಪ ಯೋಚಿಸಿ ನೋಡಿ. ನಮ್ಮ ದೋಣಿ ನಮ್ಮ ತೋಟ. ಮಳೆ ಹಿಡಿಯುವ ಮೊದಲು ಅಡಿಕೆಗೆ ಒಂದು ಸಲ ಮದ್ದು ಬಿಡಬೇಕು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, ತಪ್ಪಿದರೆ ಕೊಳೆರೋಗ. ಸುಮಾರು 40-45 ದಿನ ಕಳೆದು ಇನ್ನೊಂದು ಸಲ. ಸ್ಪ್ರೇಯರ್ ರಿಪೇರಿ ಆಗಬೇಕು, ತೋಟದ ಕಣಿ ಬಿಡಿಸಬೇಕು. ಅದೇ ಮೇ ತಿಂಗಳಲ್ಲಿ ಮನೆಯ ಹಂಚು ಕೈಯಾಡಿಸಬೇಕು, ಗೆದ್ದಲು ತಿಂದ ಪಕಾಸು, ರೀಪು ಬದಲಾಯಿಸಬೇಕು, ಸೌದೆ ಒಳಗೆ ಹಾಕಬೇಕು. ಕಡಲಿನವರ ಲೆಕ್ಕವೂ ನಮ್ಮ ಲೆಕ್ಕವೂ ಒಂದೇ.

ಈ ಪ್ರಶ್ನೆಗೆ ಎರಡು ಉತ್ತರಗಳು ಬಳಕೆಯಲ್ಲಿವೆ. ಮೊದಲನೆಯದು, "ದುಡಿಮೆ ಮೊದಲು, ಮನೆ ನಂತರ" ಎಂಬುದು. ಇದಕ್ಕೆ ಪವಿತ್ರ ಗ್ರಂಥದ ಆಧಾರವೂ ಇದೆ. ಹೊಲದ ಕೆಲಸವನ್ನು ಮೊದಲು ಸಿದ್ಧಪಡಿಸಿಕೊಂಡು ಆಮೇಲೆ ಮನೆ ಕಟ್ಟುವಂತೆ ಜ್ಞಾನೋಕ್ತಿಗಳ ಗ್ರಂಥ (24:27) ಬುದ್ಧಿ ಹೇಳುತ್ತದೆ. ಇದು ವಿವೇಕದ ಮಾತು. ಆದರೆ ಇದೇ ಮಾತನ್ನು ಹಿಡಿದುಕೊಂಡು ಎಷ್ಟೋ ಮನೆಗಳಲ್ಲಿ ಸೋರುವ ಅಡುಗೆಕೋಣೆ ವರ್ಷದಿಂದ ವರ್ಷಕ್ಕೆ ಸೋರುತ್ತಲೇ ಇರುತ್ತದೆ. ಹೊಗೆಯಲ್ಲಿ, ಒದ್ದೆ ನೆಲದಲ್ಲಿ ದಿನ ಕಳೆಯುವ ತಾಯಂದಿರ ದುಡಿಮೆಗೆ ಸಂಬಳವಿಲ್ಲ. ಆದುದರಿಂದ ಅದು ದುಡಿಮೆಯೆಂಬ ಲೆಕ್ಕಕ್ಕೇ ಬರುವುದಿಲ್ಲ.

ಎರಡನೆಯ ಉತ್ತರ, "ಯಾರಿಗಾಗಿ ಈ ದುಡಿಮೆ? ಮನೆಯವರಿಗಾಗಿ ತಾನೇ? ಹಾಗಾದರೆ ಮನೆ ಮೊದಲು" ಎಂಬುದು. ಇದರಲ್ಲೂ ಸತ್ಯವಿದೆ. ಕೆಲಸ ಇರುವುದು ಮನುಷ್ಯನಿಗಾಗಿ, ಮನುಷ್ಯ ಇರುವುದು ಕೆಲಸಕ್ಕಾಗಿ ಅಲ್ಲ ಎಂದು ಸಂತ ಎರಡನೇ ಜಾನ್ ಪೌಲರು 1981ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದ್ದಾರೆ. ಆದರೆ ಮನೆ ಎಂಬ ಹೆಸರಿನಲ್ಲಿ ನಾವು ಏನೇನನ್ನು ಸೇರಿಸುತ್ತೇವೆ? ನೆಂಟರಿಷ್ಟರು ನೋಡುವ ಅಂಗಳಕ್ಕೆ ಇಂಟರ್‌ಲಾಕ್, ಪಕ್ಕದ ಮನೆಯವರಿಗಿಂತ ಎತ್ತರದ ಗೇಟು, ಇನ್ನೂ ಗಟ್ಟಿಯಾಗಿರುವ ನೆಲದ ಮೇಲೆ ಹೊಸ ಟೈಲ್ಸ್. ಇವೆಲ್ಲ ಮನೆಯವರ ಹಿತವೇ, ಇಲ್ಲ ನೋಡುವವರ ಕಣ್ಣಿಗೆ ಕೊಡುವ ಕಪ್ಪವೇ?

ಆದುದರಿಂದ ದೋಣಿಯೋ ಮನೆಯೋ ಎಂಬ ಪ್ರಶ್ನೆಯೇ ಸರಿಯಾದುದಲ್ಲ. ಸರಿಯಾದ ಪ್ರಶ್ನೆ ಇದು: ಯಾವ ಕೆಲಸವನ್ನು ಮುಂದೂಡಿದರೆ ಅದರ ಪೆಟ್ಟು ಯಾರಿಗೆ ಬೀಳುತ್ತದೆ?

ಧರ್ಮೋಪದೇಶಕಾಂಡದಲ್ಲಿ (22:8) ಒಂದು ಸಣ್ಣ ಆಜ್ಞೆ ಇದೆ. ನಾವು ಅದನ್ನು ಓದಿದರೂ ಹೆಚ್ಚು ಯೋಚಿಸುವುದಿಲ್ಲ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ತಡೆಗೋಡೆ ಕಟ್ಟಬೇಕು. ಯಾರಾದರೂ ಅಲ್ಲಿಂದ ಬಿದ್ದು ಸತ್ತರೆ ಆ ರಕ್ತದ ಹೊಣೆ ಆ ಮನೆಯ ಮೇಲೆ ಬರುತ್ತದೆ ಎಂಬುದು ಅದರ ಸಾರ. ಗಮನಿಸಿ, ತಡೆಗೋಡೆ ಮನೆಯ ಅಲಂಕಾರವಲ್ಲ, ಗಳಿಕೆಯ ದಾರಿಯೂ ಅಲ್ಲ. ಅದು ಮನೆಗೆ ಬರುವ ಇನ್ನೊಬ್ಬರ ಪ್ರಾಣಕ್ಕಾಗಿ. ಕಟ್ಟುವ ಕೆಲಸದಲ್ಲಿ ದೇವರು ಮೊದಲು ನೋಡುವುದು ಬೀಳಬಹುದಾದ ಆ ಮನುಷ್ಯನನ್ನು.

ಈ ಅಳತೆಗೋಲು ಹಿಡಿದು ನೋಡಿದರೆ ದೋಣಿಯಲ್ಲೂ ಮನೆಯಲ್ಲೂ ಮೂರು ತರದ ಕೆಲಸಗಳು ಕಾಣುತ್ತವೆ. ಒಂದು, ಬಿಟ್ಟರೆ ಪ್ರಾಣಕ್ಕೆ ಅಪಾಯವಾಗುವವು: ದೋಣಿಯಲ್ಲಿ ನೀರಿನ ಕೆಳಗಿರುವ ಹಲಗೆ, ಒಳಗೆ ಸೇರಿದ ನೀರು ತೆಗೆಯುವ ಪಂಪು, ಲೈಫ್ ಜಾಕೆಟ್, ವೈರ್‌ಲೆಸ್, ತೋಟದಲ್ಲಿ ಮರ ಹತ್ತುವವನ ಹಗ್ಗ, ಮನೆಯಲ್ಲಿ ಬಿರುಕು ಬಿಟ್ಟ ಗೋಡೆ, ಹಳೆಯ ವಯರಿಂಗ್, ಕಟ್ಟೆ ಕುಸಿದ ಬಾವಿ, ಅಜ್ಜಿ ಮಲಗುವ ಕೋಣೆಯ ಮಾಡು. ಎರಡು, ಬಿಟ್ಟರೆ ಗಳಿಕೆಗೆ ನಷ್ಟವಾಗುವವು. ಮೂರು, ಬಿಟ್ಟರೆ ಬರೇ ನೋಟಕ್ಕೆ ಕೊರತೆಯಾಗುವವು. ಮೊದಲ ತರದ್ದು ಸಾಲದ ಹಾಗೆ. ಅದು ನ್ಯಾಯದ ವಿಷಯ. ಮೂರನೆಯದು ಆಸೆ. ಆಸೆ ಪಾಪವಲ್ಲ. ಕಾನಾ ಊರಿನ ಮದುವೆಯ ಸಂತೋಷದಲ್ಲಿ ನಮ್ಮ ಪ್ರಭುವೂ ಪಾಲ್ಗೊಂಡರು. ಆದರೆ ಸಾಲ ತೀರಿಸದೆ ಆಸೆ ಪೂರೈಸುವುದು ಸರಿಯಲ್ಲ.

ತೊಂದರೆ ಎಂದರೆ, ಮೊದಲ ತರದ ಕೆಲಸಗಳು ಹೆಚ್ಚಾಗಿ ಕಣ್ಣಿಗೆ ಬೀಳುವುದಿಲ್ಲ. ನೀರಿನ ಕೆಳಗಿನ ಹಲಗೆಯನ್ನು ಹೊಗಳುವವರಿಲ್ಲ. ಮನೆಯ ಮುಂಭಾಗಕ್ಕೆ ಹೊಡೆದ ಬಣ್ಣವನ್ನು ಊರೇ ಹೊಗಳುತ್ತದೆ. ಇನ್ನೂ ಒಂದು ಮಾತು. ಆ ಹಲಗೆಯ ಮೇಲೆ ಹೋಗುವವರು ಅನೇಕ ಸಲ ಮಾಲೀಕರಲ್ಲ. ತಾಂಡೇಲ ಮತ್ತು ಹೊರ ಊರುಗಳಿಂದ ಬಂದ ಕೂಲಿಯವರು. ವಾರ, ಹತ್ತು ದಿನ ಆಳಸಮುದ್ರದಲ್ಲಿ ಇರುವವರ ಹಿಂದೆ ಒಂದೊಂದು ಮನೆ ಕಾಯುತ್ತಿರುತ್ತದೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟಿನಲ್ಲಿದ್ದ 7 ಮೀನುಗಾರರು ಮರಳಲಿಲ್ಲ. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಬಳಿಯ ಕಡಲಲ್ಲಿ ಅದರ ಅವಶೇಷ ಪತ್ತೆಯಾಯಿತು. ಅದು ರಿಪೇರಿಯ ಕೊರತೆಯಿಂದ ಆಯಿತೆಂದು ನಾನು ಹೇಳುತ್ತಿಲ್ಲ. ಒಂದು ಬೋಟು ಬರದೆ ಹೋದರೆ ಎಷ್ಟು ಮನೆಗಳ ಆಧಾರ ಮುರಿಯುತ್ತದೆ ಎಂಬುದನ್ನು ನೆನಪಿಸಲು ಮಾತ್ರ ಹೇಳಿದೆ.

ನಮ್ಮ ತೋಟದಲ್ಲೂ ಇದೇ ಕಥೆ. ಅಂಗಳದ ಕೆಲಸದಲ್ಲಿ ಮೇ ತಿಂಗಳು ಕಳೆದುಹೋದರೆ ಮದ್ದು ಬಿಡುವ ಕೆಲಸ ಮಳೆಯ ಎಡೆಗೆ ಬೀಳುತ್ತದೆ. ಆಗ ಜಾರುವ ಮರ ಹತ್ತುವವನು ಮನೆಯ ಯಜಮಾನನಲ್ಲ. ನಮ್ಮ ತಡವನ್ನು ತನ್ನ ಪ್ರಾಣದಿಂದ ತುಂಬಿಸುವವನು ಇನ್ನೊಬ್ಬರ ಮಗ.

"ಸಾಲ ಮಾಡಿ ಎರಡನ್ನೂ ಮುಗಿಸಿದರಾಯಿತು" ಎನ್ನುವವರಿದ್ದಾರೆ. ಕೆಲವೊಮ್ಮೆ ಅದು ಅನಿವಾರ್ಯ. ಆದರೆ ಮನೆಯ ಅಂದಕ್ಕಾಗಿ ಮಾಡಿದ ಸಾಲವೂ ದೋಣಿಯಲ್ಲೇ ಪ್ರಯಾಣ ಮಾಡುತ್ತದೆ ಎಂಬುದನ್ನು ಮರೆಯಬಾರದು. ಕಂತು ಕಟ್ಟಲೇಬೇಕಾದವನು ಹವಾಮಾನ ಇಲಾಖೆಯ ಎಚ್ಚರಿಕೆಯನ್ನು ಕೇಳಿಯೂ ಕೇಳದವನಂತೆ ಹೊರಡುತ್ತಾನೆ. ಇನ್ನು, ಅಗತ್ಯದ ರಿಪೇರಿಗೂ ಹಣ ಸಾಲದೆ ಹೋದರೆ? ಆಗ ಉಳಿಯುವ ಉತ್ತರ ಕಷ್ಟದ್ದು. ಕೆಲಸ ಮುಗಿಯುವ ತನಕ ದೋಣಿಯನ್ನು ಇಳಿಸಬಾರದು, ಮರ ಒಣಗುವ ತನಕ ಯಾರನ್ನೂ ಹತ್ತಿಸಬಾರದು. ಋತುವಿನ ಮೊದಲ ಮೀನು ಕೈತಪ್ಪಬಹುದು, ಒಂದಿಷ್ಟು ಅಡಿಕೆ ಉದುರಬಹುದು. ಆ ನಷ್ಟವನ್ನು ಯಜಮಾನನೇ ಹೊರುವುದು ನ್ಯಾಯ. ಇಂಥ ಹೊತ್ತಿನಲ್ಲಿ ನೆರೆಯವರು, ಧರ್ಮಕೇಂದ್ರದವರು ಕೈಜೋಡಿಸುವುದು ದಾನವಲ್ಲ, ಕರ್ತವ್ಯ.

2019ರ ಆಗಸ್ಟ್ ತಿಂಗಳಲ್ಲಿ ಮೃತ್ಯುಂಜಯ ನದಿ ಉಕ್ಕಿ ಚಾರ್ಮಾಡಿ ಆಸುಪಾಸಿನಲ್ಲಿ ಮನೆಯನ್ನೂ ತೋಟವನ್ನೂ ಕೊಚ್ಚಿಕೊಂಡು ಹೋದುದನ್ನು ನಾವು ಕಂಡಿದ್ದೇವೆ. ಯಾವುದು ಮೊದಲು ಎಂಬ ಲೆಕ್ಕ ಆ ದಿನ ಯಾರಿಗೂ ನೆನಪಾಗಲಿಲ್ಲ. "ಎಲ್ಲರೂ ಹೊರಗೆ ಬಂದಿದ್ದಾರಾ?" ಎಂಬುದೊಂದೇ ಪ್ರಶ್ನೆ. ನೆರೆ ಬಂದ ದಿನ ನಮಗೆ ತಾನಾಗಿ ಹೊಳೆಯುವ ಈ ಪ್ರಶ್ನೆಯನ್ನು ಬಿಸಿಲಿನ ದಿನಗಳಲ್ಲೇ ಕೇಳಿಕೊಳ್ಳುವುದು ವಿವೇಕ. ಹೆಬ್ರಿಯರಿಗೆ ಬರೆದ ಪತ್ರ (11:7) ನೋಹನನ್ನು ಹೊಗಳುವುದೂ ಇದಕ್ಕಾಗಿಯೇ. ಮಳೆ ಕಾಣುವ ಮೊದಲೇ ಅವನು ತನ್ನ ಕುಟುಂಬವನ್ನು ಉಳಿಸಲು ನಾವೆ ಕಟ್ಟಿದ. ಅವನಿಗೆ ದೋಣಿಯೂ ಮನೆಯೂ ಒಂದೇ ಆಗಿತ್ತು.

ಈ ವರ್ಷ ಒಂದು ಸಂಜೆ, ಜಪಸರದ ನಂತರ, ಮನೆಯವರೆಲ್ಲ ಒಟ್ಟಿಗೆ ಕುಳಿತು ಆಗಬೇಕಾದ ಕೆಲಸಗಳ ಪಟ್ಟಿ ಮಾಡಿ ನೋಡಿ. ಯಜಮಾನರು ಮಾತ್ರವಲ್ಲ, ಅಡುಗೆಕೋಣೆಯಲ್ಲಿ ದುಡಿಯುವವರೂ ಮಾತನಾಡಲಿ, ಮುದುಕರೂ ಮಕ್ಕಳೂ ಮಾತನಾಡಲಿ. ಕೆಲಸಕ್ಕೆ ಬರುವವರನ್ನೂ ಒಂದು ಮಾತು ಕೇಳಿ. ಹಗ್ಗ ಎಲ್ಲಿ ಸವೆದಿದೆ ಎಂದು ಅದನ್ನು ಹಿಡಿಯುವವನಿಗೆ ಚೆನ್ನಾಗಿ ಗೊತ್ತು. ಪ್ರತಿಯೊಂದು ಕೆಲಸದ ಎದುರು, ಅದನ್ನು ಬಿಟ್ಟರೆ ಪೆಟ್ಟು ಬೀಳುವವರ ಹೆಸರು ಬರೆಯಿರಿ. ಯಾರ ಹೆಸರೂ ಬರೆಯಲಾಗದ ಕೆಲಸವನ್ನು ಮುಂದಿನ ವರ್ಷಕ್ಕೆ ಬಿಡಿ. ಹೆಸರಿರುವ ಕೆಲಸವನ್ನು ನಾಳೆಯೇ ಆರಂಭಿಸಿ.