ಮನಸ್ಸಿಗೆ ಅಂಕ ಹಾಕುವವರು

ನರ್ಸಿಂಗ್ ವಿದ್ಯಾರ್ಥಿಗಳ ವಾರ್ಡ್ ಕೆಲಸಕ್ಕೆ ಅಂಕ ಹಾಕುವ ನಮ್ಮ ಹಾಳೆಯಲ್ಲಿ ‘ಮನೋಭಾವ’ ಅಂತ ಒಂದು ಕಲಂ ಇದೆ. ಹತ್ತಕ್ಕೆ ಎಷ್ಟು ಎಂದು ಬರೆಯಬೇಕು. ಇನ್ನೊಬ್ಬರ ಮನಸ್ಸಿಗೆ ಅಂಕ ಹಾಕಲು ನಾವು ಯಾರು? ದೇವರನ್ನು ನಂಬುವವಳು ನಾನು. ಆ ಕೆಲಸ ಅವನದೆಂದೇ ತಿಳಿದಿದ್ದೇನೆ.

ಅದು ನಮ್ಮ ಕೈಗೆ ಬಂದರೆ ಏನಾಗುತ್ತದೆಂದು ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ತೋರಿಸಿದ್ದ. ಸೇನಾಧಿಕಾರಿಗಳು ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ಗುಣನಡತೆಗಳನ್ನು ಬೇರೆಬೇರೆಯಾಗಿ ತೂಗಬೇಕಿತ್ತು. ಒಂದರಲ್ಲಿ ಮೆಚ್ಚಿದವರಿಗೆ ಉಳಿದವುಗಳಲ್ಲೂ ಧಾರಾಳವಾಗಿ ಕೊಟ್ಟಿದ್ದರು. ವಾರ್ಡಿನಲ್ಲೂ ಅದೇ ಕಥೆ. ನಗುಮುಖದ ಹುಡುಗಿ ‘ಕರುಣಾಮಯಿ’, ಮುಖ ಗಂಟಿಕ್ಕಿದ ಹುಡುಗ ‘ಒರಟ’. ಆ ನಗುಮುಖದವಳು ಪರದೆ ಎಳೆಯದೆ ಅಜ್ಜಿಯೊಬ್ಬರ ಸೀರೆ ಸರಿಸಿ ಇಂಜೆಕ್ಷನ್ ಚುಚ್ಚಿದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ.

1963ರಲ್ಲಿ ಪೆಟ್ರಿಷಿಯಾ ಕೇನ್ ಸ್ಮಿತ್, ಲಾರ್ನ್ ಕೆಂಡಾಲ್ ಎಂಬಿಬ್ಬರು ಅಮೆರಿಕದಲ್ಲಿ ನರ್ಸ್‌ಗಳ ಕೆಲಸವನ್ನೇ ಮುಂದಿಟ್ಟುಕೊಂಡು ಬೇರೆಯದೇ ಅಳತೆಗೋಲು ಮಾಡಿದರು. ಬರೀ ಅಂಕೆಗಳ ಬದಲು ಒಂದೊಂದು ಮೆಟ್ಟಿಲಿಗೂ ಕಣ್ಣಿಗೆ ಕಾಣುವ ನಡವಳಿಕೆ. ಉದಾಹರಣೆ ಕೊಟ್ಟವರು ಹೆಡ್ ನರ್ಸ್‌ಗಳು; ಬೇರೆ ಹೆಡ್ ನರ್ಸ್‌ಗಳ ಮುಂದೆ ಅವನ್ನೆಲ್ಲ ಕಲಸಿಟ್ಟು, ಯಾವುದು ಯಾವ ಗುಣಕ್ಕೆ ಸೇರುತ್ತದೆ ಹೇಳಿ ಎಂದರು. ಒಮ್ಮತ ಬಾರದವು ಹೊರಕ್ಕೆ. ಆ ಹೊರಗಿಡುವ ನಿಷ್ಠುರ ನನಗೆ ಬಹಳ ಹಿಡಿಸಿತು.

ನಾನು ವಿದ್ಯಾರ್ಥಿಗಳಿಗೆ ತೋರಿಸುವ ಹಾಳೆಯಲ್ಲಿ ಕ್ಯಾತಿಟರ್ ಹಾಕುವುದಕ್ಕೆ ಹೀಗಿದೆ: ಕೆಳಗಿನ ಮೆಟ್ಟಿಲು, ಏನೂ ಹೇಳದೆ ಬಟ್ಟೆ ಸರಿಸುತ್ತಾರೆ. ನಡುವಿನದು, ಹೆಸರು ಕೇಳಿ, ಪರದೆ ಎಳೆದು, ಮಾಡುವುದನ್ನು ಹೇಳುತ್ತಾರೆ. ಮೇಲಿನದು, ಒಪ್ಪಿಗೆ ಕೇಳಿ ಉತ್ತರಕ್ಕೆ ಕಾಯುತ್ತಾರೆ, ನೋವೆಂದರೆ ನಿಲ್ಲಿಸುತ್ತಾರೆ, ಮುಗಿದ ಮೇಲೆ ಬಟ್ಟೆ ಸರಿಪಡಿಸಿ ಹೋಗುತ್ತಾರೆ.

ಅದೇ ಗಂಟುಮುಖದ ಹುಡುಗ ಒಂದು ದಿನ ಕೇಳಿದ: “ಮೇಡಂ, ಮನಸ್ಸಲ್ಲಿ ಕನಿಕರ ಇಲ್ಲದೆ ಸುಮ್ನೆ ಪರದೆ ಎಳೆದ್ರೂ ಮಾರ್ಕ್ಸ್ ಕೊಡ್ತೀರಾ?”

“ಕೊಡ್ತೀನಪ್ಪಾ.”

“ಹಂಗಾದ್ರೆ ಅದು ನಾಟಕ ಅಲ್ವಾ?”

ಒಳ್ಳೆಯ ಪ್ರಶ್ನೆ. ನ್ಯಾಯದ ಕೆಲಸ ಮಾಡುತ್ತ ಮಾಡುತ್ತಲೇ ಮನುಷ್ಯ ನ್ಯಾಯವಂತನಾಗುತ್ತಾನೆ ಎಂದ ಅರಿಸ್ಟಾಟಲ್. ಆದರೆ ಆ ಉತ್ತರ ಹುಡುಗನಿಗೆ ಸಮಾಧಾನ ಕೊಡಬಹುದು, ಹಾಸಿಗೆಯಲ್ಲಿ ಮಲಗಿದವರಿಗೆ ಅದರ ಹಂಗಿಲ್ಲ. ಅವರ ಮಾನ ಉಳಿಯುವುದು ಪರದೆಯಿಂದ, ಎಳೆದವನ ಅಂತರಂಗದಿಂದಲ್ಲ. ನಡೆಯಿಲ್ಲದ ನುಡಿಯನ್ನು ವಚನಕಾರರು ಒರೆಗೆ ಹಚ್ಚಿದ್ದೂ ಇದೇ ನೆಲೆಯಲ್ಲಿ ಅಂತ ನನಗನ್ನಿಸುತ್ತದೆ, ಪಂಡಿತರು ಒಪ್ಪದಿದ್ದರೂ ಸರಿ. ಇನ್ನೊಂದು ಮಾತು: ‘ನಿನಗೆ ಕರುಣೆಯಿಲ್ಲ’ ಎನ್ನಿಸಿಕೊಂಡ ಹತ್ತೊಂಬತ್ತರ ಹುಡುಗ ಏನು ಮಾಡಬೇಕು? ‘ಉತ್ತರಕ್ಕೆ ಕಾಯಲಿಲ್ಲ’ ಎಂದರೆ ನಾಳೆ ಕಾಯಬಲ್ಲ.

ಈ ಹಾಳೆಗೆ ಸಿಗದ್ದೂ ಇದೆ. ಮಗುವನ್ನು ಕಳೆದುಕೊಂಡ ತಾಯಿಯ ಪಕ್ಕ ಸುಮ್ಮನೆ ಕೂತವಳಿಗೆ ಯಾವ ಮೆಟ್ಟಿಲು? ಕೂತದ್ದು ಕಾಣುತ್ತದೆ, ಕೂತ ಬಗೆ ಹಾಳೆಗಿಳಿಯುವುದಿಲ್ಲ. ಅಲ್ಲಿ ನಾನು ಅಂಕ ಬರೆಯುವುದಿಲ್ಲ. ಕಂಡದ್ದನ್ನು ಅವಳಿಗೇ ಹೇಳುತ್ತೇನೆ.

‘ಮನೋಭಾವ’ದ ಕಲಂ ತೆಗೆಯಿರಿ ಎಂದು ಅರ್ಜಿ ಕೊಟ್ಟಿದ್ದೇನೆ. ತೆಗೆಯುವವರೆಗೆ ನನ್ನ ಜೊತೆಯ ಶಿಕ್ಷಕರಲ್ಲಿ ಒಂದೇ ಕೋರಿಕೆ: ಅಲ್ಲಿ ಅಂಕ ಹಾಕುವ ಮೊದಲು, ಏನು ನೋಡಿದಿರೆಂದು ಪಕ್ಕದಲ್ಲಿ ಒಂದು ಸಾಲು ಬರೆಯಿರಿ. ಬರೆಯಲು ಏನೂ ತೋಚದಿದ್ದರೆ ಆ ಜಾಗ ಖಾಲಿ ಬಿಡಿ.