ಕಾವಲು ಹೊಳೆ ದಾಟಿದಾಗ

ರಾತ್ರಿ ತಡವಾಗಿ ಗ್ರಂಥಾಲಯದಿಂದ ಹೊರಬರುವ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಕರೆ ಮಾಡುತ್ತಾಳೆ. ಸ್ವಲ್ಪ ಹೊತ್ತಿನಲ್ಲಿ ಸಮವಸ್ತ್ರ ಧರಿಸಿದ ಒಬ್ಬರು ಬಂದು, ಅವಳ ಮನೆಯ ಬಾಗಿಲಿನವರೆಗೆ ಜೊತೆಯಲ್ಲಿ ನಡೆದು ಹಿಂದಿರುಗುತ್ತಾರೆ. ಅವರು ಪೊಲೀಸರಲ್ಲ, ಅವರ ಬಳಿ ಬಂದೂಕಿಲ್ಲ. ಈ ಸೇವೆಗೆ ಅವಳು ಹಣ ಕೊಡಬೇಕಾಗಿಯೂ ಇಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರದ ಪಶ್ಚಿಮ ಭಾಗದಲ್ಲಿ ನಡೆದುಬಂದಿರುವ ಏರ್ಪಾಡು ಇದು. ಮಗಳನ್ನು ದೂರದ ಊರಿಗೆ ಓದಲು ಕಳುಹಿಸಿದ ತಂದೆತಾಯಿಯರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದೇ ದಾರಿಯ ಬೆಂಚಿನ ಮೇಲೆ ಮನೆಯಿಲ್ಲದವನೊಬ್ಬ ಮಲಗಿದ್ದಾನೆ ಎಂದುಕೊಳ್ಳೋಣ. ಅದೇ ಸಮವಸ್ತ್ರ ಅವನ ಮುಂದೆ ಬಂದು ನಿಂತಾಗ ಅದರ ಅರ್ಥವೇನು?

ಈ ಪದ್ಧತಿ ಮೊದಲು ಬೇರೂರಿದ್ದು ನಗರದ ಮಧ್ಯಭಾಗದಲ್ಲಿ. ಅಲ್ಲಿನ ಕಟ್ಟಡಗಳ ಮಾಲೀಕರಿಂದ ಕಡ್ಡಾಯವಾಗಿ ಶುಲ್ಕ ಸಂಗ್ರಹಿಸಿ, 1991ರಲ್ಲಿ ಸೆಂಟರ್ ಸಿಟಿ ಡಿಸ್ಟ್ರಿಕ್ಟ್ ಎಂಬ ಸಂಸ್ಥೆ ತನ್ನ ಕೆಲಸ ಆರಂಭಿಸಿತು. ಬೀದಿ ಗುಡಿಸುವುದು, ದಾರಿ ಕೇಳಿದವರಿಗೆ ದಾರಿ ತೋರಿಸುವುದು, ಅಹಿತಕರವಾದುದು ಕಂಡರೆ ಪೊಲೀಸರಿಗೆ ತಿಳಿಸುವುದು, ಇಷ್ಟೇ ಅದರ ನಿತ್ಯದ ಕಾಯಕ. ಸ್ಕೂಲ್‌ಕಿಲ್ ನದಿಯ ಆಚೆ ದಡದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವೂ ಡ್ರೆಕ್ಸೆಲ್ ವಿಶ್ವವಿದ್ಯಾಲಯವೂ ಇವೆ. 1996ರ ಅಕ್ಟೋಬರ್ ತಿಂಗಳ ಒಂದು ರಾತ್ರಿ, ಅಲ್ಲಿ ಮನೆಗೆ ನಡೆದು ಹೋಗುತ್ತಿದ್ದ ಸಂಶೋಧಕರೊಬ್ಬರ ಕೊಲೆಯಾಯಿತು. ಮರುವರ್ಷ, 1997ರಲ್ಲಿ, ಅದೇ ಮಾದರಿಯ ಕಾವಲು ಹೊಳೆಯನ್ನು ದಾಟಿತು. ಯೂನಿವರ್ಸಿಟಿ ಸಿಟಿ ಡಿಸ್ಟ್ರಿಕ್ಟ್ ಹುಟ್ಟಿಕೊಂಡಿತು. ಇಲ್ಲಿ ಹಣ ಬಂದದ್ದು ಕಡ್ಡಾಯ ಶುಲ್ಕದಿಂದಲ್ಲ, ವಿಶ್ವವಿದ್ಯಾಲಯಗಳೂ ಇತರ ಸಂಸ್ಥೆಗಳೂ ಸ್ವಇಚ್ಛೆಯಿಂದ ಕೊಟ್ಟ ಕೊಡುಗೆಯಿಂದ. ಅದರ ಸೇವಕರಿಗೆ ಅಂಬಾಸಿಡರ್, ಅಂದರೆ ರಾಯಭಾರಿ ಎಂದು ಹೆಸರು. ಯಾರ ಪರವಾದ ರಾಯಭಾರಿ ಎಂದು ಒಮ್ಮೆ ಕೇಳಿಕೊಳ್ಳಬೇಕೆನಿಸುತ್ತದೆ.

ಏಕೆಂದರೆ ಆ ದಡದ ನೆಲಕ್ಕೆ ತನ್ನದೇ ಆದ ನೆನಪುಗಳಿವೆ. ಬ್ಲ್ಯಾಕ್ ಬಾಟಮ್ ಎಂದು ಕರೆಯಲ್ಪಡುತ್ತಿದ್ದ ಕಪ್ಪುಜನರ ಬಡಾವಣೆಯೊಂದು ಅಲ್ಲಿತ್ತು. 1960ರ ದಶಕದಲ್ಲಿ ನಗರ ನವೀಕರಣದ ಹೆಸರಿನಲ್ಲಿ ಅದನ್ನು ಕೆಡವಿ, ಸಾವಿರಾರು ಜನರನ್ನು ಒಕ್ಕಲೆಬ್ಬಿಸಿ, ವಿಜ್ಞಾನ ಕೇಂದ್ರವನ್ನೂ ವಿದ್ಯಾಸಂಸ್ಥೆಗಳ ಕಟ್ಟಡಗಳನ್ನೂ ಎಬ್ಬಿಸಲಾಯಿತು. ಹೀಗೆ ಮನೆ ಕಳೆದುಕೊಂಡ ಕುಟುಂಬದ ಅಜ್ಜಿಯೊಬ್ಬರಿಗೆ, 'ನಿಮ್ಮ ಬೀದಿಯನ್ನು ಇನ್ನು ಮುಂದೆ ನಾವು ನೋಡಿಕೊಳ್ಳುತ್ತೇವೆ' ಎಂಬ ಮಾತು ಹೇಗೆ ಕೇಳಿಸಬಹುದು? ಮಾತಿನಲ್ಲಿ ಕಪಟವಿಲ್ಲದಿರಬಹುದು. ಆದರೂ ಅದು ಆಕೆ ಹಿಂದೆ ಕೇಳಿದ ಮಾತಿನಂತೆಯೇ ಇದೆ. ಕಾವಲನ್ನು ಪಕ್ಕದ ಬಡಾವಣೆಗೆ ವಿಸ್ತರಿಸುವವರು ನಕ್ಷೆಯ ಮೇಲೆ ಗೆರೆಯೊಂದನ್ನು ಸರಿಸಿದೆವು ಎಂದುಕೊಳ್ಳುತ್ತಾರೆ. ಗೆರೆಯ ಕೆಳಗಿರುವ ಜನರಿಗೆ ಅದು ಅಷ್ಟು ಸರಳವಲ್ಲ.

ವಿಸ್ತರಣೆಯನ್ನು ವಿರೋಧಿಸುವವರ ಒಂದು ವಾದವನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ಒಂದು ಬೀದಿಯಲ್ಲಿ ಕಾವಲು ಹೆಚ್ಚಿಸಿದರೆ ಅಪರಾಧವು ಪಕ್ಕದ ಬೀದಿಗೆ ಹೋಗುತ್ತದೆ, ಅಷ್ಟೇ ಎನ್ನುತ್ತಾರೆ. ನ್ಯೂಜೆರ್ಸಿ ರಾಜ್ಯದ ಜೆರ್ಸಿ ಸಿಟಿಯಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ವಿರುದ್ಧವಾದುದನ್ನು ಕಂಡಿತು: ಪೊಲೀಸರು ಗಮನ ಕೊಟ್ಟ ಜಾಗಗಳ ಸುತ್ತಮುತ್ತಲಿಗೂ ಅದರ ಒಳಿತು ಹರಡಿತ್ತು. ಅಪರಾಧ ಹಾಗೆ ಸುಲಭವಾಗಿ ಮೂಲೆ ತಿರುಗಿ ಹೋಗುವುದಿಲ್ಲ. ಮೂಲೆ ತಿರುಗಿ ಹೋಗುವವನು ಮನುಷ್ಯ. ಬೆಂಚಿನಿಂದ ಎಬ್ಬಿಸಲ್ಪಟ್ಟವನು ಕಣ್ಮರೆಯಾಗುವುದಿಲ್ಲ. ಆ ರಾತ್ರಿ ಅವನು ಎಲ್ಲಾದರೂ ಮಲಗಲೇಬೇಕು. ಕಾವಲಿನ ಗಡಿ ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಅವನ ಇರುಳು ಆರಂಭವಾಗುತ್ತದೆ. ಗಡಿ ಇನ್ನೂ ನಾಲ್ಕು ಬೀದಿ ಮುಂದಕ್ಕೆ ಹೋದರೆ ಅವನೂ ನಾಲ್ಕು ಬೀದಿ ಮುಂದಕ್ಕೆ ಹೋಗುತ್ತಾನೆ.

ನೆರವು ಮತ್ತು ಕಾವಲು ಒಂದೇ ಅಂಗಿಯನ್ನು ತೊಟ್ಟಾಗ ಏನಾಗಬಹುದೆಂಬುದಕ್ಕೆ ನ್ಯೂಯಾರ್ಕ್ ನಗರದ ಪ್ರಕರಣ ಸಾಕು. ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಸುತ್ತಲಿನ ಪ್ರದೇಶವನ್ನು ನೋಡಿಕೊಳ್ಳುತ್ತಿದ್ದ ಗ್ರ್ಯಾಂಡ್ ಸೆಂಟ್ರಲ್ ಪಾರ್ಟ್‌ನರ್‌ಶಿಪ್ ಸಂಸ್ಥೆಯೂ, 34ನೇ ಬೀದಿಯ ಪಕ್ಕದ ಪ್ರದೇಶದಲ್ಲಿ 1992ರಲ್ಲಿ ಕೆಲಸ ಆರಂಭಿಸಿದ ಅದರ ಸೋದರ ಸಂಸ್ಥೆಯೂ, ಮನೆಯಿಲ್ಲದವರಿಗೆ ಉದ್ಯೋಗ ತರಬೇತಿ ಎಂಬ ಹೆಸರಿನಲ್ಲಿ ಅವರಿಂದಲೇ ಕೆಲಸ ಮಾಡಿಸಿದವು. ಕೊಟ್ಟದ್ದು ಗಂಟೆಗೆ 1 ಡಾಲರ್, ಹೆಚ್ಚೆಂದರೆ 1.50 ಡಾಲರ್, ಆಗ ಕಾನೂನು ವಿಧಿಸಿದ್ದ ಕನಿಷ್ಠ ಕೂಲಿ 4.25 ಡಾಲರ್. ಬ್ಯಾಂಕಿನ ಎಟಿಎಂ ಕೊಠಡಿಗಳಲ್ಲಿ ಮಲಗಿದವರನ್ನು ಎಬ್ಬಿಸಿ ಕಳುಹಿಸುವುದೂ ಇಂಥವರ ಪಾಲಿಗೆ ಬಂತು. ಹಾಗೆ ಎಬ್ಬಿಸಲು ಬಲಪ್ರಯೋಗ ನಡೆಯಿತೆಂಬ ಆಪಾದನೆ 1995ರಲ್ಲಿ ಪತ್ರಿಕೆಗಳಲ್ಲಿ ಬಂದಾಗ ಸಂಸ್ಥೆ ಅದನ್ನು ಅಲ್ಲಗಳೆಯಿತು. ಕೂಲಿಯ ವಿಷಯವನ್ನು 1998ರಲ್ಲಿ ತೀರ್ಮಾನಿಸಿದವರು ಸೋನಿಯಾ ಸೊಟೊಮಯೋರ್, ಮುಂದೆ 2009ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾದವರು. ದುಡಿದವರಿಗೆ ಕನಿಷ್ಠ ಕೂಲಿ ಸಲ್ಲಬೇಕೆಂದು ಅವರು ತೀರ್ಪಿತ್ತರು. ಉಪಕಾರದ ಲೆಕ್ಕದಲ್ಲಿ ಬರೆದಿಟ್ಟದ್ದು ವಾಸ್ತವದಲ್ಲಿ ಸಾಲದ ಲೆಕ್ಕಕ್ಕೆ ಸೇರಬೇಕಿತ್ತು.

ಹಾಗಾದರೆ ಕಾವಲನ್ನು ನೆರೆಯ ಬಡಾವಣೆಗೆ ವಿಸ್ತರಿಸಬಾರದೇ? ವಿಸ್ತರಿಸಬೇಕು ಎಂದೇ ನನಗೆ ತೋರುತ್ತದೆ. ಹೊಳೆಯ ಈಚೆಗಿರುವ ಮಗಳಿಗೆ ಸಿಗುವ ಜೊತೆ ಆಚೆಗಿರುವ ಮಗಳಿಗೂ ಸಿಗಬೇಕಾದದ್ದು ನ್ಯಾಯವೇ. ಕಳವಳವಿರುವುದು ಅದನ್ನು ನಿರ್ಧರಿಸುವ ಸಭೆಯ ಬಗ್ಗೆ. ಅಲ್ಲಿ ಕಟ್ಟಡಗಳ ಮಾಲೀಕರು ಇರುತ್ತಾರೆ, ವರ್ತಕರು, ವಿದ್ಯಾಸಂಸ್ಥೆಗಳ ಪ್ರತಿನಿಧಿಗಳು, ಪೊಲೀಸ್ ಅಧಿಕಾರಿಗಳು ಇರುತ್ತಾರೆ. ಬಾಡಿಗೆ ಮನೆಯವರು ಕೆಲವೊಮ್ಮೆ ಬರುತ್ತಾರೆ. ಬೆಂಚಿನ ಮೇಲೆ ಮಲಗುವವನಿಗೆ ಅಲ್ಲಿ ಕುರ್ಚಿ ಇರುವುದು ಅಪರೂಪ. ಅವನನ್ನು ಪ್ರತಿ ರಾತ್ರಿ ಕಾಣುವ, ಬಹುಶಃ ಅವನ ಹೆಸರೂ ಗೊತ್ತಿರುವ ಕಾವಲುಗಾರನಿಗೂ ಆ ಸಭೆಯಲ್ಲಿ ಮಾತಿಲ್ಲ.

ಗಡಿಯನ್ನು ಎಷ್ಟೇ ಸರಿಸಿದರೂ ಕಟ್ಟಕಡೆಯ ಬೀದಿಯೊಂದು ಉಳಿದೇ ಇರುತ್ತದೆ. ಅದರ ಒಂದು ಬದಿ ಕಾವಲಿನ ಒಳಗೆ, ಇನ್ನೊಂದು ಬದಿ ಹೊರಗೆ. ಚಳಿಗಾಲದ ಒಂದು ರಾತ್ರಿ ಹೊರಗಿನ ಬದಿಯಲ್ಲಿ ಯಾರೋ ಬಿದ್ದಿರುವುದು ಒಳಗಿನ ಬದಿಯಲ್ಲಿ ನಡೆಯುತ್ತಿರುವ ಕಾವಲುಗಾರನ ಕಣ್ಣಿಗೆ ಬೀಳುತ್ತದೆ. ಆ ಬೀದಿಯನ್ನು ದಾಟಲು ಅವನಿಗೆ ಅಪ್ಪಣೆಯಿದೆಯೇ? ಹಣದ ಲೆಕ್ಕ ಮುಗಿಸಿ ಏಳುವ ಮುನ್ನ, ಆ ಸಭೆಯಲ್ಲಿ ಯಾರಾದರೊಬ್ಬರು ಇದನ್ನು ಕೇಳಬೇಕಾಗಿದೆ.